ಸದ್ದು ಹೋದ ಮೇಲೆ

ಆ ಹುಡುಗ ತನ್ನ ತುಟಿಯನ್ನೇ ನೋಡುತ್ತಿದ್ದಾನೆ ಎಂಬುದು ರುಚಿತಾಗೆ ಖಾತ್ರಿಯಾಯಿತು.

ನಾಶಿಕ್ ಹತ್ತಿರದ ಓಝರ್. ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರಿನ ಡ್ಯೂಟಿ ಮುಗಿಸಿ, ಗೆಳತಿಯೊಂದಿಗೆ ಚಹಾದಂಗಡಿಯಲ್ಲಿ ನಿಂತಿದ್ದಳು. ಅವನು ಎದುರಿನ ಬೆಂಚಿನ ಮೇಲೆ. ಕಣ್ಣು ಕದಲಿಸುತ್ತಿಲ್ಲ.

"ಮಾನಗೇಡಿ," ಎಂದು ಕನ್ನಡದಲ್ಲಿ ಬಾಯೊಳಗೇ ಗೊಣಗಿದಳು. ಇಲ್ಲಿ ಯಾರಿಗೆ ತಿಳಿಯುತ್ತದೆ?

"ಮಾನ ಅದ ರಿ," ಅವನು ನಕ್ಕ. "ಆದ್ರ ಕನ್ನಡದಾಗ ಬೈಸಿಕೊಂಡು ಭಾಳ ದಿನ ಆಗಿತ್ತು."

ರುಚಿತಾಳ ಕಿವಿ ಕೆಂಪಾದವು. ಅಷ್ಟು ಮೆಲ್ಲಗೆ ಅಂದದ್ದು ಅವನಿಗೆ ಹೇಗೆ ಕೇಳಿಸಿತು ಎಂದು ಅವಳಿಗೆ ಹೊಳೆಯಲೇ ಇಲ್ಲ.

ಅವನು ವರುಣ, ವಿಮಾನದ ಇಂಜಿನ್ ಟೆಕ್ನಿಷಿಯನ್. ಅವನ ತಂದೆ ಬ್ಯಾಂಕಿನ ವರ್ಗಾವಣೆಯ ಮೇಲೆ ಧಾರವಾಡದಿಂದ ಸಂಭಾಜಿನಗರಕ್ಕೆ ಬಂದವರು. ರುಚಿತಾಳ ಅಪ್ಪ ಮಧುಕರರೂ ಧಾರವಾಡದ ಕಡೆಯವರೇ. ವಿಮಾನ ಕಾರ್ಖಾನೆಯಲ್ಲಿ ದುಡಿದು, ರಿಟೈರ್ ಆಗಿ ಓಝರಿನಲ್ಲೇ ಉಳಿದಿದ್ದರು.

ಚಹಾ ದಿನದ ರೂಢಿಯಾಯಿತು. ಅವಳು ಮರಾಠಿಯಲ್ಲಿ ಶುರುಮಾಡಿದರೆ ಅವನು ತಡೆಯುತ್ತಿದ್ದ.

"ಕನ್ನಡದಾಗ ಹೇಳ್ರಿ."

"ನನ್ನ ಕನ್ನಡ ಕಚ್ಚಾ ಅದ. ನಗ್ತೀರಿ."

"ನಿಮ್ಮ ಬಾಯಾಗ ಕನ್ನಡ ಭಾಳ ಚಂದ ಕಾಣಸ್ತದ."

"ಕಾಣಸ್ತದ? ಕೇಳಸ್ತದ ಅನ್ರಿ!"

ಅವನು ಅವಳ ಮೂಗುತಿಯ ಮೇಲೆ ಬಿದ್ದ ಬಿಸಿಲನ್ನು ನೋಡಿದ. ಆ ನೋಟಕ್ಕೆ ಅವಳ ಪ್ರಶ್ನೆ ಕರಗಿಹೋಯಿತು.

ಕಾರ್ಖಾನೆಯ ಯುದ್ಧವಿಮಾನ ತಲೆಯ ಮೇಲೆ ಹಾದಾಗ ಓಝರಿನಲ್ಲಿ ಎಲ್ಲರೂ ಮಾತನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ. ಶಾಲೆಯ ಮಾಸ್ತರರು, ತರಕಾರಿ ಮಾರುವವರು, ಜಗಳಕ್ಕೆ ಬಿದ್ದ ಗಂಡಹೆಂಡಿರು ಕೂಡ. ಸದ್ದು ಹೋದ ಮೇಲೆ ಬಿಟ್ಟಲ್ಲಿಂದಲೇ ಮುಂದುವರಿಸುತ್ತಾರೆ.

ಒಂದು ಸಂಜೆ ರನ್‌ವೇ ಬೇಲಿಯಾಚೆಯ ದ್ರಾಕ್ಷಿ ತೋಟದ ದಾರಿಯಲ್ಲಿ ಅವನು ತನ್ನ ಬಾಲ್ಯದ ತಂಟೆಗಳನ್ನು ಹೇಳುತ್ತಿದ್ದ. ಬೆನ್ನ ಹಿಂದಿನಿಂದ ಜೆಟ್ ಎದ್ದಿತು. ಸದ್ದು ಕಿವಿಗಡಚಿಕ್ಕಿತು. ವರುಣ ನಿಲ್ಲಿಸಲಿಲ್ಲ. ಅದೇ ಮೆಲುದನಿಯಲ್ಲಿ, ನಗುತ್ತ, ಹೇಳುತ್ತಲೇ ಹೋದ. ಆ ಗುಡುಗಿನಲ್ಲಿ ಅವನ ತುಟಿಗಳು ಅಲ್ಲಾಡುವುದಷ್ಟೇ ಅವಳಿಗೆ ಕಂಡಿತು.

"ವಿಮಾನ ಹೋತು," ಎಂದಳು, ಸದ್ದು ಅಡಗಿದ ಮೇಲೆ.

"ಯಾವ ವಿಮಾನ?"

ಅವಳ ಮುಖ ನೋಡಿ, ಗುಟ್ಟು ಬಯಲಾಯಿತೆಂದು ಅವನಿಗೆ ತಿಳಿಯಿತು.

"ಬಲಗಿವಿ ಪೂರಾ ಹೋಗ್ಯದ. ಎಡಗಿವಿನೂ ಹೊಂಟದ. ನರದ ರೋಗ, ಮದ್ದಿಲ್ಲಂತ." ಬೇಲಿಯತ್ತ ತಿರುಗಿದ. "ಮುಂದಿನ ಮೆಡಿಕಲ್‌ನ್ಯಾಗ ಗೊತ್ತಾಗ್ತದ. ಆಮ್ಯಾಲೆ ಇಂಜಿನ್ ಮುಟ್ಟಸಂಗಿಲ್ಲ."

ಹಾಗೆಯೇ ಆಯಿತು. ಅವನು ಕೆಲಸ ಬಿಟ್ಟು, ಹೇಳದೆ ಸಂಭಾಜಿನಗರಕ್ಕೆ ಹೋದ. 'ನನ್ನ ಮರೀರಿ' ಎಂದೊಂದು ಮೆಸೇಜ್. ಆಮೇಲೆ ಅವಳ ಯಾವ ಮೆಸೇಜಿಗೂ ಉತ್ತರವಿಲ್ಲ.

ರುಚಿತಾ ಅಪ್ಪನಿಗೆ ಎಲ್ಲವನ್ನೂ ಹೇಳಿದಳು. ಮಧುಕರರು ಕೂಗಾಡಲಿಲ್ಲ.

"ನಾಳೆ ನಿನ್ನ ಕೂಸು ತೊಟ್ಟಿಲದಾಗ ಅತ್ರ ಅವಂಗ ಕೇಳತದೇನವಾ?" ಎಂದು ಕೇಳಿದರು. ಇನ್ನೊಂದು ಮಾತನ್ನೂ ಹೇಳಿ ಒಳಗೆ ಹೋದರು. ಅವಳು ರಜೆ ಹಾಕಿ ಬಸ್ ಹತ್ತಿದಳು.

ಸಂಭಾಜಿನಗರದ ಸಿಡ್ಕೊ ಬಡಾವಣೆಯ ಬಾಡಿಗೆ ಮನೆಯ ಬಾಗಿಲನ್ನು ವರುಣನ ತಾಯಿ ಅಲಕಾ ತೆರೆದರು. "ಯಾರು ಬೇಕಾಗಿತ್ತು?" ಎಂದು ಕೂಗಿದವರು, ಬಂದವಳಿಗೆ ಕಿವಿ ಕೇಳುತ್ತದೆಂದು ಥಟ್ಟನೆ ನೆನಪಾಗಿ ದನಿ ತಗ್ಗಿಸಿದರು. "ಸಿಟ್ಟಾಗಬ್ಯಾಡವಾ, ಮನ್ಯಾಗ ಚೀರೂದೇ ರೂಢಿ ಆಗ್ಯದ." ರುಚಿತಾ ವರುಣನ ಹೆಸರು ಹೇಳಿದಳು. "ಅವ ಮ್ಯಾಲೆ ಇದ್ದಾನ."

ತಾರಸಿಯಲ್ಲಿ ವರುಣ ಗೋಡೆಗೆ ಒರಗಿ ಕುಳಿತಿದ್ದ. ಗಡ್ಡ ಬೆಳೆದಿತ್ತು. ಅವಳನ್ನು ಕಂಡು ಎದ್ದು ನಿಂತ.

"ಎಲ್ಲಾ ಹೋತು ರಿ. ಈಗ ಏನೂ ಕೇಳಂಗಿಲ್ಲ." ಅವನ ದನಿ ಹತೋಟಿ ತಪ್ಪಿ ಏರುತ್ತಿತ್ತು. "ನನ್ನ ಸಿಟ್ಟು ನಿಮಗ ಗೊತ್ತಿಲ್ಲ. ಅವ್ವನ ಮ್ಯಾಲೆ ತಾಟು ಒಗದೀನಿ. ವಾಪಸ್ ಹೋಗ್ರಿ."

ಅವಳು ಬಾಯಿ ತೆರೆದಳು. ಅವನು ಕಣ್ಣು ಮುಚ್ಚಿಕೊಂಡ. ಯಾರ ಮಾತೂ ಬೇಡವಾದಾಗ ಅವನು ಹಾಕಿಕೊಳ್ಳುತ್ತಿದ್ದ ಬಾಗಿಲು ಅದೊಂದೇ.

ರುಚಿತಾ ಹತ್ತಿರ ಬಂದು, ಅವನ ಅಂಗೈಯನ್ನು ಎತ್ತಿ ತನ್ನ ಗಂಟಲ ಮೇಲಿಟ್ಟುಕೊಂಡು ಮಾತಾಡಿದಳು. ಅವನ ಬೆರಳುಗಳು ಬೆಚ್ಚಿದವು. ಅವಳ ದನಿ ಒಮ್ಮೆ ಒಡೆದದ್ದು ಕೈಗೆ ತಿಳಿಯಿತು, ಮಾತು ತಿಳಿಯಲಿಲ್ಲ.

ಅವನು ಕಣ್ಣು ತೆರೆದ. "ಏನಂದ್ರಿ?"

ಅವಳು ನಿಧಾನವಾಗಿ, ಒಂದೊಂದೇ ಶಬ್ದ ಬಿಡಿಸಿ ಹೇಳಿದಳು. "ನಮ್ಮ ಮದುವಿಗೆ ಅಪ್ಪ ಬರಂಗಿಲ್ಲಂತ."

ವರುಣ ಅವಳ ತುಟಿಗಳನ್ನೇ ನೋಡುತ್ತ ನಿಂತ. ಕೈ ತೆಗೆಯಲಿಲ್ಲ.