ಗಡಿ ದಾಟಿದ ಚಪ್ಪರ

ಫೆರ್ಮಿನ್ ನೀರಿನಿಂದ ತಲೆ ಎತ್ತುವ ಹೊತ್ತಿಗೆ ಅರಾಸೆಲಿ ತನ್ನ ದೋಣಿಯ ಎಂಜಿನ್ ಆರಿಸಿ ಅವನೆದುರೇ ನಿಂತಿದ್ದಳು.

ಅವನ ಬಲೆಚೀಲದಲ್ಲಿ ಎಂಟು ಲಾಬ್‌ಸ್ಟರ್‌ಗಳು ಒದ್ದಾಡುತ್ತಿದ್ದವು. ಅವನಿದ್ದದ್ದು ಗಡಿ ಗುರುತಿನ ಹಳದಿ ತೇಲುಬುರುಡೆಗಳ ಸಾಲಿನ ಒಳಗೆ, ಐದು ವರ್ಷದಿಂದ ಯಾರೂ ಬಲೆ ಇಳಿಸದ ಮೀಸಲು ಕಡಲಿನಲ್ಲಿ. ಅದನ್ನು ಕಾಯುವವಳೂ, ಮುಳುಗಿ ಲಾಬ್‌ಸ್ಟರ್ ಎಣಿಸುವವಳೂ ಅರಾಸೆಲಿಯೇ.

"ಏನೋ ಇದು?"

"ನನ್ನ ಚಪ್ಪರ ಕಣೇ. ಹೋದ ವಾರದ ಬಿರುಗಾಳಿ ಎಳ್ಕೊಂಡ್ ಬಂದು ಇಲ್ಲಿ ಹಾಕಿದೆ. ಯಾರ ಚಪ್ಪರವೋ ಅವರ ಲಾಬ್‌ಸ್ಟರ್. ಅಪ್ಪನ ಕಾಲದಿಂದ ಹಾಗೇ ತಾನೆ?"

ಊರಲ್ಲಿ ನಡೆದುಬಂದದ್ದು ಹಾಗೆಯೇ. ಪ್ರತಿಯೊಬ್ಬರೂ ತಮ್ಮ ಪಾಲಿನ ಕಡಲ ತಳದಲ್ಲಿ ಕಾಂಕ್ರೀಟಿನ ತಗ್ಗು ಚಪ್ಪರ ಇಡುತ್ತಾರೆ. ಅದರಡಿ ಬಂದು ಅಡಗಿದ ಲಾಬ್‌ಸ್ಟರಿಗೆ ಬೇರೆಯವರು ಕೈ ಹಾಕುವಂತಿಲ್ಲ. ಆದರೆ ಬುರುಡೆಗಳ ಒಳಗೆ ಯಾರ ಪಾಲೂ ಇಲ್ಲ. ಬಲೆ ಹಿಡಿದು ಗಡಿ ದಾಟಿದವನನ್ನು ಸಹಕಾರ ಸಂಘ ಒಂದು ಸೀಸನ್ ಪೂರ್ತಿ ಕಡಲಿಗೆ ಇಳಿಸುವುದಿಲ್ಲ.

"ಬಿಡು ಅವನ್ನ. ಈಗಲೇ."

ಅವನು ಚೀಲ ಬಿಚ್ಚಿದ. ಎಂಟೂ ಹಿಂದಕ್ಕೆ ಚಿಮ್ಮಿ ಮಾಯವಾದವು. ರೆಪ್ಪೆಯ ಮೇಲೆ ಉಪ್ಪುನೀರು ಇಟ್ಟುಕೊಂಡೇ ಅವನು ನಕ್ಕ. ಆ ಒಂದು ನಗುವಿಗಾಗಿ ಎರಡು ವರ್ಷ ದೋಣಿಕಟ್ಟೆಯಲ್ಲಿ ಕಾದವಳಿಗೆ ಅದು ಸಿಕ್ಕಿದ್ದು ಇಂಥ ಗಳಿಗೆಯಲ್ಲಿ!

"ಮಧ್ಯಾಹ್ನ ಸಂಘದ ಸಭೇಲಿ ನನ್ನೇ ಕೇಳ್ತಾರೆ. ಏನ್ ಹೇಳ್ಲಿ?"

"ಆ ಕೋಪ ಸ್ವಲ್ಪ ಇಳಿಸಿ, ನಿಂಗೆ ತೋಚಿದ್ದು ಹೇಳು."

ತಗಡಿನ ಸೂರಿನಡಿ ಸಭೆ ಬೇಯುತ್ತಿತ್ತು. ಮೀಸಲು ಕಡಲನ್ನು ಉಳಿಸುವುದೋ, ಬಲೆಗೆ ತೆರೆಯುವುದೋ ಅಂದೇ ನಿರ್ಧಾರ. ಅರಾಸೆಲಿ ಎದ್ದು ಓದಿದಳು: ಐದು ವರ್ಷದ ಹಿಂದೆ ಒಂದು ಬಂಡೆಯಡಿ ಒಂಬತ್ತು ಲಾಬ್‌ಸ್ಟರ್, ಈಗ ನಲವತ್ತು. ಮೊಟ್ಟೆ ಹೊತ್ತ ದೊಡ್ಡ ಹೆಣ್ಣುಗಳು ತುಂಬಿವೆ. ಗಡಿಯ ಪಕ್ಕದ ಪಾಲುಗಳಿಗೂ ಉಕ್ಕಿ ಹರಿಯುತ್ತಿವೆ.

"ಎಣಿಸೋಳೂ ನೀನೇ, ಹೇಳೋಳೂ ನೀನೇ. ನಾವು ಸುಮ್ನೆ ನಂಬಬೇಕು!" ಹಿಂದಿನ ಬೆಂಚಿನಿಂದ ಯಾರೋ ಚುಚ್ಚಿದರು.

ಅಧ್ಯಕ್ಷ ದೋನ್ ಹಸಿಂತೋ ಕೈ ಎತ್ತಿ ಗದ್ದಲ ಅಡಗಿಸಿದ. "ಈ ವರ್ಷ ಯಾರಾದ್ರೂ ಬಲೆ ಹಿಡ್ದು ಒಳಗೆ ಹೋಗಿದ್ದು ನೋಡಿದ್ಯೇನಮ್ಮಾ?"

ಅರಾಸೆಲಿ ಓದಿದ ಹಾಳೆಯನ್ನು ಮಡಚಿದಳು. ಕಡಲಿಗಿಳಿಯದ ಫೆರ್ಮಿನ್‌ನನ್ನು ಊಹಿಸಲೂ ಆಗಲಿಲ್ಲ. ಇಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು.

"ನಾನು ಹೋಗಿದ್ದೆ," ಫೆರ್ಮಿನ್ ಎದ್ದು ನಿಂತ. "ಇವತ್ತು ಬೆಳಿಗ್ಗೆ. ಎಂಟು ಹಿಡಿದಿದ್ದೆ. ಇವಳು ಬಿಡಿಸಿದಳು."

ಸಿಕ್ಕಿಬಿದ್ದವನೇ ಸಾಕ್ಷಿ ಹೇಳಿದ ಮೇಲೆ ಅವಳ ಲೆಕ್ಕವನ್ನು ಯಾರೂ ಚುಚ್ಚಲಿಲ್ಲ; ಮೀಸಲು ಕಡಲನ್ನು ಇನ್ನೈದು ವರ್ಷ ಉಳಿಸುವುದೆಂದು ಸಭೆ ತೀರ್ಮಾನಿಸಿತು. ಫೆರ್ಮಿನ್‌ನ ಸೀಸನ್ ಹೋಯಿತು.

ಅರಾಸೆಲಿ ಅವನನ್ನು ದಡದ ತೆಂಗಿನ ಮರದಡಿ ಹಿಡಿದು ನಿಲ್ಲಿಸಿದಳು. "ಯಾಕೋ ಬಾಯ್ಬಿಟ್ಟೆ, ಮಂಗಾ? ನಾನು ಇಲ್ಲ ಅಂತಿದ್ದೆ!"

"ಗೊತ್ತು. ಮುಖದಲ್ಲೇ ಕಾಣ್ತಿತ್ತು. ಅದಕ್ಕೇ ಎದ್ದೆ. ನನಗೋಸ್ಕರ ಒಂದು ಸುಳ್ಳು ಹೇಳಿದ್ರೆ ಮುಂದೆ ನಿನ್ನ ಲೆಕ್ಕ ಯಾರು ನಂಬ್ತಾರೆ?"

ಅವಳಿಗೆ ಅಳು ಉಕ್ಕಿತು. "ನಿನ್ನ ಕಂಡ್ರೆ ನಂಗೆ ಪ್ರಾಣ ಕಣೋ," ಎಂದು ಬೈಯುವ ದನಿಯಲ್ಲೇ ಹೇಳಿಬಿಟ್ಟಳು.

ಫೆರ್ಮಿನ್ ಒಂದು ಹೆಜ್ಜೆ ಹತ್ತಿರ ಬಂದ. "ಇನ್ನೊಂದ್ಸಲ ಹೇಳು," ಎಂದ.

"ಹೇಳಲ್ಲ. ನಾಳೆಯಿಂದ ನನ್ನ ಜೊತೆ ಮುಳುಗಿ ಎಣಿಸೋಕೆ ಬಾ. ಬಲೆ ಮುಟ್ಟೋ ಹಾಗಿಲ್ಲ. ಊಟ ನಮ್ಮನೇಲಿ, ಬೀನ್ಸು, ಟೊರ್ಟಿಯಾ ರೊಟ್ಟಿ."

"ಸೀಸನ್ ಮುಗಿದ ಮೇಲೆ?"

"ಆಮೇಲೆ ನೀನು ಬೇಯಿಸು, ನಾನು ಉಣ್ತೀನಿ," ಅರಾಸೆಲಿ ಕಣ್ಣೊರೆಸಿಕೊಂಡಳು. "ಸಾಯೋವರೆಗೂ."