ನನ್ನ ಬಾಯಿಗೆ ಬಂದವನು

ಮುಂಬೈಯಿಂದ ಬಂದ ಕಂಪನಿ ಸಾಹೇಬರು ಇಂಗ್ಲಿಷಿನಲ್ಲಿ ಕೇಳಿದ್ದು ನನ್ನನ್ನು. ಉತ್ತರ ಕೊಟ್ಟವನು ಪಕ್ಕದಲ್ಲಿ ಫೈಲು ಹಿಡಿದು ನಿಂತಿದ್ದ ಗುಮಾಸ್ತ ಚನ್ನವೀರಪ್ಪ.

ಮದುವೆಯಾದ ಮೇಲೂ ಕೆಲಸಕ್ಕೆ ಬರುತ್ತೀಯಾ ಎಂಬುದು ಪ್ರಶ್ನೆ. ಎಪ್ಪತ್ನಾಲ್ಕನೇ ಇಸವಿಯ ಮಾತಿದು. ನಾನು ಅಕ್ಕಲಕೋಟೆ ಕಡೆಯ ವಾಗದರಿಯವಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಇಂಗ್ಲಿಷ್ ಕಿವಿಗೆ ತಿಳಿಯುತ್ತದೆ, ನಾಲಿಗೆಗೆ ಬರಲು ಹೊತ್ತು ಬೇಕು. ಅಷ್ಟು ಹೊತ್ತು ಯಾರು ಕಾಯುತ್ತಾರೆ? "ನೋ ಮ್ಯಾರೇಜ್, ಸರ್!" ಎಂದುಬಿಟ್ಟ ಈ ಪುಣ್ಯಾತ್ಮ.

ಸೊಲ್ಲಾಪುರದ ಆ ಚಾದರ ಕಂಪನಿಯಲ್ಲಿ ನನ್ನ ನೌಕರಿ ಕಾಯಂ ಆಗುವುದು ಆ ಉತ್ತರದ ಮೇಲೆಯೇ ನಿಂತಿತ್ತು. ಆದರೂ ಸಿಟ್ಟು ಬಂತು. ಕಚೇರಿಯಲ್ಲಿ ಕದ್ದು ಕದ್ದು ನನ್ನನ್ನು ನೋಡುತ್ತಿದ್ದವನೇ ಅವನು. ನಾನು ತಲೆ ಎತ್ತಿದರೆ ಫೈಲಿನೊಳಗೆ ಮುಖ ಹುದುಗಿಸುತ್ತಿದ್ದ. ಕೆಂಪಾದ ಕಿವಿಗಳು ಮಾತ್ರ ಹೊರಗುಳಿಯುತ್ತಿದ್ದವು.

ಹೊರಗೆ ಬಂದವಳೇ ಅವನನ್ನು ತಡೆದು ನಿಲ್ಲಿಸಿದೆ. "ನನ್ನ ಲಗ್ನದ ಮಾತು ಹೇಳಾಕ ನೀವ್ಯಾರ್ರಿ?"

"ನಿಮ್ಮ ನೌಕರಿ ಉಳೀಲಿ ಅಂತ ಹೇಳಿದ್ನಿ..."

"ಬಾಯಿ ನನಗೂ ಐತ್ರಿ. ಮೊದಲ ನನ್ನ ಕೇಳಿದ್ರ ನಾ ಏನಂತಿದ್ದೆ, ಗೊತ್ತೈತೇನು?"

ಅವನದು ಪೇಟೆಯ ವ್ಯಾಪಾರಿ ಮನೆತನ. ಅವರ ಸೊಸೆಯರು ನೌಕರಿಗೆಂದು ಹೊಸ್ತಿಲು ದಾಟುವವರಲ್ಲ. ಅದಕ್ಕೇ ಇಷ್ಟು ದಿನ ನನ್ನನ್ನು ಲಗ್ನದ ಮಾತು ಕೇಳಿರಲಿಲ್ಲ, ಹೇಡಿ! ಅಳು ಬಂತು. ನುಂಗಿಕೊಂಡು ಮತ್ತೆ ಸಾಹೇಬರ ಕೋಣೆಗೆ ಹೋದೆ. ಅವನೂ ಗಾಬರಿಯಾಗಿ ಹಿಂದೆಯೇ ಬಂದ.

"ಸರ್, ಐ ವಿಲ್ ಮ್ಯಾರಿ. ವರ್ಕ್ ಆಲ್ಸೋ ಐ ವಿಲ್ ಡೂ."

ಸಾಹೇಬರು ಕನ್ನಡಕ ತೆಗೆದು, ಯಾರನ್ನು ಮದುವೆಯಾಗುತ್ತೀ ಎಂದು ಕೇಳಿದರು.

"ಹೀ ನಾಟ್ ಆಸ್ಕಿಂಗ್, ಸರ್." ನನ್ನ ಕಣ್ಣು ಎತ್ತ ಹೋಯಿತೆಂದು ಅವರಿಗೂ ತಿಳಿಯಿತು.

ಪಟಪಟ ಇಂಗ್ಲಿಷ್ ಆಡುವವನು ಈಗ ಕನ್ನಡದಲ್ಲೇ ತೊದಲಿದ. "ದ್ರೌಪದಿ, ನನ್ನ ಲಗ್ನ ಆಗ್ತೀರೇನ್ರಿ?"

ಇವನೇನು ಹೇಳುತ್ತಿದ್ದಾನೆ ಎಂದು ಸಾಹೇಬರು ನನ್ನನ್ನು ಕೇಳಿದರು.

"ನೌ ಆಸ್ಕಿಂಗ್, ಸರ್. ಫಸ್ಟ್ ಯು ಆನ್ಸರ್ ಮಿ. ದೆನ್ ಐ ಆನ್ಸರ್ ಹಿಮ್."

ಸಾಹೇಬರು ಕನ್ನಡಕ ಮತ್ತೆ ಏರಿಸಿ ನನ್ನ ಕಾಗದಪತ್ರ ತಿರುವಿದರು. ಆಮೇಲೆ, ಕಾಯಂ ಮಾಡುತ್ತೇನೆ, ಆದರೆ ಲಗ್ನದ ನೆವ ಹೇಳಿ ಕೆಲಸ ತಪ್ಪಿಸಿದರೆ ಅಂದೇ ತೆಗೆಯುತ್ತೇನೆ ಎಂದರು.

ಚನ್ನವೀರಪ್ಪ ಬೆವರು ಒರೆಸಿಕೊಳ್ಳುವುದನ್ನೂ ಮರೆತು ನನ್ನನ್ನೇ ನೋಡುತ್ತಿದ್ದ. ಅವನ ಮೇಲೆ ಪ್ರೀತಿ ಉಕ್ಕಿ ಬಂತು, ಸುಳ್ಳು ಯಾಕೆ ಹೇಳಲಿ.

"ಆಗ್ತೀನ್ರಿ," ಎಂದೆ. "ಆದ್ರ ಸೊಸಿ ನೌಕರಿ ಬಿಡಂಗಿಲ್ಲ ಅಂತ ನಿಮ್ಮವ್ವಗ ಹೇಳಬೇಕು. ಆ ಒಂದು ಮಾತು ಮಾತ್ರ ನನ್ನ ಬದ್ಲಿ ನೀವ ಹೇಳ್ರಿ."