ಏಳನೆಯವನಿಗೆ ಹೇಳದ ಮೂರು ಮಾತು

ಬೆಳಗಿನಿಂದ ಅವಳು ಆ ಮೂರು ಮಾತನ್ನು ಆರು ಜನಕ್ಕೆ ಹೇಳಿ ಮುಗಿಸಿದ್ದಳು. ಹೆಡ್‌ಮಿಸ್ಟ್ರೆಸ್ಸಿಗೆ, ಗುಮಾಸ್ತರಿಗೆ, ಆಟದ ಮೇಷ್ಟ್ರಿಗೆ, ಕಂಪ್ಯೂಟರ್ ಕೊಠಡಿ ನೋಡಿಕೊಳ್ಳುವವರಿಗೆ, ಇಬ್ಬರು ಟೀಚರುಗಳಿಗೆ. ನಾನು ಶಾಲಾ ಮಂಡಳಿಯ ವಕೀಲೆ. ನಿಮ್ಮ ವಕೀಲೆ ಅಲ್ಲ. ನೀವು ನನಗೆ ಹೇಳಿದ್ದೆಲ್ಲ ಮಂಡಳಿಗೆ ಹೋಗುತ್ತದೆ. ಆಟದ ಮೇಷ್ಟ್ರಂತೂ ಇದನ್ನು ಕೇಳಿದ್ದೇ, ಹಾಗಾದರೆ ನನಗೇನೂ ಗೊತ್ತಿಲ್ಲ ಎಂದು ಎದ್ದೇ ಹೋಗಿದ್ದರು.

ಈ ಮೂರು ಮಾತನ್ನು ಅವಳಿಗೆ ಬಾಯಿಪಾಠ ಮಾಡಿಸಿದ್ದು ಅವಳ ದೊಡ್ಡಮ್ಮ. ಊರಿನ ಸರ್ಕಾರಿ ಶಾಲೆಗಳ ಕೇಸೆಲ್ಲ ದೊಡ್ಡಮ್ಮನ ವಕೀಲಿ ಆಫೀಸಿನಲ್ಲೇ, ಇವಳು ಅಲ್ಲಿ ಜೂನಿಯರ್. ಶಾಲೆಯವರು ವಕೀಲರನ್ನು ಕಂಡರೆ ನಮ್ಮನ್ನು ಉಳಿಸುವುದಕ್ಕೇ ಬಂದಿದ್ದಾರೆ ಅಂದುಕೊಂಡು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿಬಿಡುತ್ತಾರೆ, ಆಮೇಲೆ ಅದೇ ಅವರ ಕುತ್ತಿಗೆಗೆ ಬರುತ್ತದೆ, ಅದಕ್ಕೇ ಅವರು ಬಾಗಿಲು ದಾಟುವ ಮೊದಲೇ ಹೇಳಿಬಿಡು ಮರಿ ಎನ್ನುತ್ತಿದ್ದರು ದೊಡ್ಡಮ್ಮ. ಎರಡು ವರ್ಷದಲ್ಲಿ ಮರಿ ಒಮ್ಮೆಯೂ ತಪ್ಪಿರಲಿಲ್ಲ.

ಈ ಸಲದ ಕೇಸು ಸೂಕ್ಷ್ಮದ್ದು. ಮಂಡಳಿ ಮಕ್ಕಳಿಗೆಲ್ಲ ಟ್ಯಾಬ್ಲೆಟ್ ಕೊಟ್ಟಿತ್ತು. ಅದರೊಳಗೊಂದು ಕಾವಲು ಸಾಫ್ಟ್‌ವೇರ್. ಮಗು ಏನೇ ಟೈಪ್ ಮಾಡಲಿ, ಅಪಾಯದ್ದು ಅನಿಸುವ ಒಂದು ಸಾಲು ಕಂಡರೆ ಸಾಕು, ಶಾಲೆಯ ಹತ್ತು ಜನರ ಪರದೆಗೆ ಸಂದೇಶ ಹೋಗುತ್ತಿತ್ತು. ಒಂಬತ್ತನೇ ಕ್ಲಾಸಿನ ಮಟ್ಟಿಗೆ ಯಾರೋ ಅದನ್ನು ಹನ್ನೊಂದು ದಿನ ಆಫ್ ಮಾಡಿಟ್ಟಿದ್ದರು. ನಮ್ಮ ಮಕ್ಕಳಿಗೆ ಏನಾದರೂ ಆಗಿದ್ದರೆ ಯಾರು ಹೊಣೆ ಎಂದು ಪೋಷಕರು ನೋಟಿಸು ಕೊಟ್ಟಿದ್ದರು. ಗುಮಾಸ್ತರ ಪಾಸ್‌ವರ್ಡ್ ಬಳಕೆಯಾಗಿತ್ತು. ಮಾಡಿದವರು ಸಿಕ್ಕರೆ ಕೆಲಸದಿಂದ ವಜಾ ಎಂದು ಮಂಡಳಿ ಆಗಲೇ ಹೇಳಿಯಾಗಿತ್ತು. ಇನ್ನೆರಡು ವರ್ಷಕ್ಕೆ ನಿವೃತ್ತರಾಗುವ ಗುಮಾಸ್ತರು ಬೆಳಿಗ್ಗೆ ಅವಳೆದುರು ಕೂತು, ನನಗೆ ಆ ಮೆಷಿನ್ನು ಆನ್ ಮಾಡೋಕೇ ಸರಿಯಾಗಿ ಬರೋದಿಲ್ಲ ತಾಯಿ ಎಂದು ಕಣ್ಣೊರೆಸಿಕೊಂಡಿದ್ದರು.

ಏಳನೆಯವನು ಗಣಿತದ ಮೇಷ್ಟ್ರು. ಅಷ್ಟು ಹೊತ್ತಿಗೆ ಹೆಡ್‌ಮಿಸ್ಟ್ರೆಸ್ ತಮ್ಮ ಕೋಣೆಯನ್ನು ಬಿಡಿಸಿಕೊಂಡು ಅವಳನ್ನು ಒಂದನೇ ಕ್ಲಾಸಿಗೆ ಕಳಿಸಿದ್ದರು. ಅಲ್ಲಿದ್ದದ್ದೆಲ್ಲ ಅಂಗೈಯಗಲದ ಕುರ್ಚಿಗಳು. ಅವಳು ಫೈಲನ್ನು ತೊಡೆಯ ಮೇಲಿಟ್ಟುಕೊಂಡು, ಮಂಡಿ ಗದ್ದಕ್ಕೆ ತಾಗುವಂತೆ, ಆದಷ್ಟು ಗಂಭೀರವಾಗಿ ಕೂತಿದ್ದಳು.

ಅವನು ಬಾಗಿಲಲ್ಲಿ ನಿಂತು ಒಂದು ಗಳಿಗೆ ನೋಡಿದ. ತೋಳು ಮಡಚಿದ ಅಂಗಿ, ಬಲಗೈಗೆ ಸೀಮೆಸುಣ್ಣದ ಪುಡಿ, ನಗು ತಡೆದುಕೊಂಡಿದ್ದಕ್ಕೆ ಒಂದು ಕಡೆ ಮಾತ್ರ ಬಿದ್ದ ಗುಳಿ. ಒಳಗೆ ಬಂದವನು ಅವಳದ್ದಕ್ಕಿಂತ ಚಿಕ್ಕ ಕುರ್ಚಿಯನ್ನೇ ಹುಡುಕಿ ಎಳೆದು, ತನ್ನ ಉದ್ದ ಕಾಲುಗಳನ್ನು ಹೇಗೋ ಮಡಚಿ ಎದುರಿಗೆ ಕೂತ.

“ಒಂದು ಡೌಟು ಮೇಡಂ. ದೊಡ್ಡವರನ್ನ ಇಂಥ ಕುರ್ಚಿ ಮೇಲೆ ಕೂರಿಸೋದು ಸಿವಿಲ್ ಕೇಸಾ, ಕ್ರಿಮಿನಲ್ಲಾ?”

ಅವಳು ನಕ್ಕುಬಿಟ್ಟಳು. ತುಟಿಯಂಚಿನ ವಕೀಲರ ನಗೆಯಲ್ಲ, ಫೈಲು ಜಾರಿ ಕಾಗದವೆಲ್ಲ ಚೆಲ್ಲಾಪಿಲ್ಲಿಯಾಗುವಂಥ ನಗೆ. ಇಬ್ಬರೂ ಬಗ್ಗಿ ಕಾಗದ ಆಯ್ದುಕೊಂಡರು. ಒಂದೇ ಹಾಳೆಗೆ ಇಬ್ಬರ ಕೈಯೂ ಹೋಯಿತು. ಅವನು ಕೈ ಹಿಂದೆಗೆದ, ಕಣ್ಣು ಮಾತ್ರ ಹಿಂದೆಗೆಯಲಿಲ್ಲ. ಅವಳ ಕಿವಿ ಬಿಸಿಯಾಯಿತು. ಆಮೇಲೆ ಹತ್ತು ನಿಮಿಷ ಇಬ್ಬರೂ ಏನೇನು ಮಾತಾಡಿದರೋ, ಅದರಲ್ಲಿ ಕೇಸಿಗೆ ಸಂಬಂಧಪಟ್ಟದ್ದು ಒಂದೂ ಇರಲಿಲ್ಲ. ಲೆಕ್ಕ ಕಂಡರೆ ಈಗಲೂ ಹೊಟ್ಟೆನೋವು ಬರುತ್ತದೆ ಎಂದು ಅವಳು ಒಪ್ಪಿಕೊಂಡಳು. ಕರಿಕೋಟು ಕಂಡರೆ ತನಗೂ ಹಾಗೇ ಎಂದು ಅವನು ಹೇಳಿದ. ಇಷ್ಟು ಚೆನ್ನಾಗಿ ನಗುವವರು ಕರಿಕೋಟಿನೊಳಗೆ ಇರುತ್ತಾರೆಂದು ಯಾರೂ ಹೇಳಿರಲಿಲ್ಲ ಎಂದೂ ಸೇರಿಸಿದ.

ಕೊನೆಗೆ ಕರ್ತವ್ಯ ನೆನಪಾಗಿ, ಆ ಸಾಫ್ಟ್‌ವೇರ್ ವಿಚಾರ ಏನಾದರೂ ಗೊತ್ತೇ ಎಂದು ಕೇಳಿದಳು.

“ನಾನೇ ಆಫ್ ಮಾಡಿದ್ದು,” ಅಂದ ಅವನು, ಬೋರ್ಡು ಒರೆಸಿದೆ ಅನ್ನುವಷ್ಟು ಸಲೀಸಾಗಿ.

ಅವಳ ಪೆನ್ನು ನಿಂತಲ್ಲೇ ನಿಂತಿತು. ಅವನು ಹೇಳುತ್ತಾ ಹೋದ. ಕ್ಲಾಸಿನಲ್ಲೊಬ್ಬಳು ಹುಡುಗಿ, ತಾಯಿ ತೀರಿಕೊಂಡು ಐದು ತಿಂಗಳು. ಟ್ಯಾಬ್ಲೆಟ್ಟಿನಲ್ಲಿ ಅಮ್ಮನಿಗೆ ಕಾಗದ ಬರೆಯುತ್ತಿದ್ದಳು. ನಿನ್ನ ಹತ್ತಿರ ಬರಬೇಕು ಅನಿಸುತ್ತದೆ ಎಂದು ಬರೆದದ್ದು ಹತ್ತು ಪರದೆಗೂ ಹೋಯಿತು. ಮಾರನೆಯ ದಿನ ಅವಳನ್ನು ಆಫೀಸಿಗೆ ಕರೆಸಿ, ಬರೆದದ್ದನ್ನು ಅವಳ ಮುಂದೆಯೇ ಜೋರಾಗಿ ಓದಿದರು. ಮಧ್ಯಾಹ್ನದ ಹೊತ್ತಿಗೆ ಇಡೀ ಶಾಲೆಗೆ ಸುದ್ದಿ. ಅವಳು ಅಮ್ಮನಿಗೆ ಬರೆಯುವುದನ್ನೇ ನಿಲ್ಲಿಸಿದಳು, ಮಾತನ್ನೂ ನಿಲ್ಲಿಸಿದಳು. ಗುಮಾಸ್ತರ ಪಾಸ್‌ವರ್ಡ್ ಅವರ ಕಂಪ್ಯೂಟರಿಗೇ ಚೀಟಿಯಲ್ಲಿ ಅಂಟಿಕೊಂಡಿತ್ತು. ಆ ಸಂಜೆಯೇ ಇವನು ಕ್ಲಾಸಿನ ಕಾವಲನ್ನು ತೆಗೆದುಹಾಕಿದ.

“ಆ ಹುಡುಗಿ ನಿಜವಾಗ್ಲೂ ಏನಾದ್ರೂ ಮಾಡ್ಕೊಂಡಿದ್ರೆ?” ಎಂದು ಕೇಳಿದಳು.

“ಆ ಭಯಕ್ಕೆ ಹನ್ನೊಂದು ದಿನ ಸರಿಯಾಗಿ ನಿದ್ದೆ ಮಾಡಿಲ್ಲ ಮೇಡಂ. ದಿನಾ ಸಂಜೆ ಗೇಟಲ್ಲಿ ನಿಂತು ಮೂವತ್ತೆಂಟು ಮಕ್ಕಳ ಮುಖಾನೂ ನೋಡಿ ಕಳಿಸ್ತಿದ್ದೆ. ಮಾಡಿದ್ದು ಸರಿ ಅಂತ ಹೇಳ್ತಿಲ್ಲ. ನೀವು ನಮ್ಮ ಶಾಲೆ ವಕೀಲರಲ್ವಾ, ಮುಂದೇನು ಮಾಡ್ಲಿ ಅಂತ ನೀವೇ ಹೇಳಿ.”

ಆಗ ಅವಳಿಗೆ ನೆನಪಾಯಿತು. ಮೂರು ಮಾತು. ಇವನಿಗೆ ಹೇಳಿರಲಿಲ್ಲ. ಬಾಗಿಲಲ್ಲೂ ಹೇಳಿರಲಿಲ್ಲ, ಕೂತ ಮೇಲೂ ಹೇಳಿರಲಿಲ್ಲ. ಆರು ಜನರ ಮುಂದೆ ಗಿಳಿಯ ಹಾಗೆ ಒಪ್ಪಿಸಿದವಳಿಗೆ ಈ ಒಬ್ಬನ ಮುಂದೆ ಅದೊಂದು ನೆನಪೇ ಆಗಿರಲಿಲ್ಲ. ಈಗ ಹೇಳಿದಳು, ತಡವರಿಸುತ್ತಾ, ನೆಲ ನೋಡುತ್ತಾ.

ಅವನ ಕೆನ್ನೆಯ ಗುಳಿ ಮಾಯವಾಯಿತು.

“ಉಳಿದವರಿಗೆ ಮೊದಲೇ ಹೇಳಿದ್ರಾ?”

“ಹೇಳ್ದೆ.”

“ಎಲ್ಲರಿಗೂ?”

“ಎಲ್ಲರಿಗೂ.”

“ಹಾಗಾದ್ರೆ ನನ್ನ ಹತ್ರ ನಕ್ಕಿದ್ದು ಬಾಯಿ ಬಿಡಿಸೋಕೆ.” ಅವನು ಎದ್ದ. ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾಗಿತ್ತು ಅವನ ಮುಖದಲ್ಲಿ. “ಚೆನ್ನಾಗಿ ನಕ್ಕಿರಿ ಮೇಡಂ. ನಾನು ಪೂರ್ತಿ ನಂಬ್ದೆ.”

ಅಲ್ಲ ಎಂದು ಹೇಳುವಷ್ಟರಲ್ಲಿ ಅವನು ಹೋಗಿಯಾಗಿತ್ತು. ಅವಳು ಆ ಪುಟ್ಟ ಕುರ್ಚಿಯಲ್ಲಿ ಎಷ್ಟು ಹೊತ್ತು ಕೂತಿದ್ದಳೋ, ಆಯಾ ಬಂದು ಕಸ ಗುಡಿಸಬೇಕು ಏಳಮ್ಮ ಎಂದಾಗಲೇ ಎಚ್ಚರವಾದದ್ದು. ಕೆಲಸ ಹೋಗುವುದು ಅವನದ್ದು, ತಪ್ಪು ತನ್ನದು. ಅದಕ್ಕಿಂತ ಹೆಚ್ಚಾಗಿ, ಆ ನಗುವನ್ನು ಅವನು ಸುಳ್ಳೆಂದುಕೊಂಡು ಹೋದದ್ದು ಅವಳಿಗೆ ತಡೆಯಲಾರದ ಸಂಕಟವಾಯಿತು.

ಆ ಸಂಜೆ ದೊಡ್ಡಮ್ಮನ ಮುಂದೆ ನಿಂತು, ಅವನು ಹೇಳಿದ್ದೇನೆಂಬುದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದಳು. ದೊಡ್ಡಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೂವತ್ತು ವರ್ಷದ ವಕೀಲಿಕೆಯಲ್ಲಿ ಎಂಥೆಂಥದ್ದೋ ಕೇಳಿದ್ದವರು ತಮ್ಮ ಕೈಯಲ್ಲೇ ಬೆಳೆದ ಹುಡುಗಿಯ ಬಾಯಲ್ಲಿ ಇದನ್ನು ಕೇಳಿ ಬೆಪ್ಪಾಗಿ ಕೂತರು. ಸುಮ್ಮನಿದ್ದುಬಿಡೋಣ ಎನ್ನುವಂತಿರಲಿಲ್ಲ, ತಪ್ಪು ಗುಮಾಸ್ತರ ತಲೆಗೆ ಬರುತ್ತಿತ್ತು. ಕೇಳಿದ್ದನ್ನು ಮಂಡಳಿಗೆ ಒಪ್ಪಿಸುವಂತೆಯೂ ಇರಲಿಲ್ಲ, ಎಚ್ಚರಿಸದೆ ಕಿತ್ತ ಮಾತನ್ನು ಬಳಸಿದರೆ ಅದು ದಗಾ. ಉಳಿದದ್ದು ಒಂದೇ ದಾರಿ. ಗುರುವಾರದ ವಿಚಾರಣೆಯಲ್ಲಿ ಎದ್ದು ನಿಂತು, ಏಳನೇ ಸಾಕ್ಷಿಗೆ ನಾನು ಎಚ್ಚರಿಕೆ ಕೊಟ್ಟಿಲ್ಲ, ಆತ ಹೇಳಿದ್ದನ್ನು ಯಾರೂ ಬಳಸುವಂತಿಲ್ಲ ಎಂದು ದಾಖಲು ಮಾಡಿಸಿ ಕೇಸಿನಿಂದ ಹೊರಬರಬೇಕು, ಬೇರೆ ವಕೀಲರು ಮೊದಲಿನಿಂದ ವಿಚಾರಿಸಿದರೆ ಗುಮಾಸ್ತರಿಗೂ ಒಂದು ಅವಕಾಶ.

“ಯಾಕೆ ಕೊಡಲಿಲ್ಲ ಅಂತ ಕೇಳೇ ಕೇಳ್ತಾರೆ,” ಅಂದರು ದೊಡ್ಡಮ್ಮ. “ಸುಳ್ಳು ಹೇಳಿದ್ರೆ ವಕೀಲಿ ಸನ್ನದು ಹೋಗುತ್ತೆ. ನಿಜ ಹೇಳಿದ್ರೆ ಮಾನ ಹೋಗುತ್ತೆ. ಯಾವುದು ಉಳಿಸ್ಕೋತೀಯೋ ನೀನೇ ನೋಡ್ಕೋ ಮರಿ.”

ಗುರುವಾರ ಮಂಡಳಿಯ ಸಭಾಂಗಣದಲ್ಲಿ ಉದ್ದನೆಯ ಮೇಜು, ನಡುವೆ ವಿಚಾರಣಾಧಿಕಾರಿಯಾಗಿ ಒಬ್ಬರು ನಿವೃತ್ತ ಜಡ್ಜು, ಪಕ್ಕದಲ್ಲಿ ಟೈಪು ಮಾಡುವ ಸ್ಟೆನೋ. ಒಂದು ಮೂಲೆಯಲ್ಲಿ ಮುದುಡಿ ಕೂತ ಗುಮಾಸ್ತರು. ಎದುರಿನ ಸಾಲಿನಲ್ಲಿ ಅವನು, ಶಿಕ್ಷಕರ ಸಂಘದ ವಕೀಲರ ಪಕ್ಕ. ಎರಡು ಸಲ ಅವನ ಕಡೆ ನೋಡಿದಳು. ಎರಡು ಸಲವೂ ಅವನು ಕಿಟಕಿ ನೋಡುತ್ತಿದ್ದ.

ಅವಳು ಎದ್ದು, ಹೇಳಬೇಕಾದ್ದನ್ನು ಹೇಳಿದಳು. ಸಭೆ ಗುಸುಗುಸು ಎಂದಿತು. ಸಂಘದ ವಕೀಲರ ಮುಖ ಅರಳಿತು. ಜಡ್ಜು ಪೆನ್ನು ಕೆಳಗಿಟ್ಟರು.

“ಆರು ಜನಕ್ಕೆ ಕೊಟ್ಟ ಎಚ್ಚರಿಕೆ ಏಳನೆಯವರಿಗೆ ಯಾಕೆ ಕೊಡಲಿಲ್ಲ?”

ಕೆಲಸದ ಒತ್ತಡ ಎಂದು ಹೇಳುವುದೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಆದರೆ ಬಾಯಿ ತೆರೆದಾಗ ಬಂದದ್ದು ಬೇರೆ.

“ನೆನಪಾಗಲಿಲ್ಲ ಸರ್. ಅವರು ಬಂದು ಕೂತ ಮೇಲೆ ನಾನು ವಕೀಲೆ ಅನ್ನೋದೇ ನನಗೆ ನೆನಪಿರಲಿಲ್ಲ. ನಾನು ನಕ್ಕಿದ್ದು ಅವರ ಬಾಯಿ ಬಿಡಿಸೋಕಲ್ಲ. ಅವರು ಎದ್ದು ಹೋಗದಿದ್ರೆ ಸಾಕು ಅನ್ನಿಸ್ತಿತ್ತು, ಅಷ್ಟೇ.”

ಹೆಡ್‌ಮಿಸ್ಟ್ರೆಸ್ ಬಾಯಿಗೆ ಕೈ ಹಚ್ಚಿದರು. ಹಿಂದಿನ ಸಾಲಿನಲ್ಲಿದ್ದ ದೊಡ್ಡಮ್ಮ ಕಣ್ಣು ಮುಚ್ಚಿಕೊಂಡರು. ಸ್ಟೆನೋ ಬೆರಳು ನಿಲ್ಲಿಸಿ, ಇದನ್ನೂ ಬರೆದುಕೊಳ್ಳಬೇಕೇ ಎಂದು ಮೆಲ್ಲಗೆ ಕೇಳಿದರು. ಹೇಳಿಕೆ ಅಂದ ಮೇಲೆ ಹೇಳಿದ್ದೆಲ್ಲ ಇರಬೇಕು ಎಂದರು ಜಡ್ಜು.

ಅಷ್ಟಕ್ಕೇ ಮುಗಿಯಲಿಲ್ಲ. ಹೇಳಿಕೆ ಕೊಟ್ಟವರಿಗೆ ಅದನ್ನು ಓದಿ ಹೇಳಿ, ಸರಿಯಿದೆ ಎಂದು ಒಪ್ಪಿಸಿಕೊಳ್ಳಬೇಕು, ಅದು ಅಲ್ಲಿನ ಪದ್ಧತಿ. ಸ್ಟೆನೋ ಗಂಟಲು ಸರಿಮಾಡಿಕೊಂಡು, ರೈಲ್ವೆ ಟೈಮ್‌ಟೇಬಲ್ ಓದುವ ದನಿಯಲ್ಲಿ, ಅವರು ಎದ್ದು ಹೋಗದಿದ್ದರೆ ಸಾಕು ಎಂದು ನನಗೆ ಅನ್ನಿಸುತ್ತಿತ್ತು ಎಂಬುದನ್ನು ಇಡೀ ಸಭೆಗೆ ಕೇಳುವಂತೆ ಓದಿದರು. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

“ಸರಿಯಿದೆಯಾ?” ಎಂದರು ಜಡ್ಜು.

“ಸರಿಯಿದೆ,” ಎಂದು ಸಹಿ ಹಾಕಿದಳು. ತಲೆಯೆತ್ತಿದಾಗ ಅವನು ಕಿಟಕಿ ನೋಡುತ್ತಿರಲಿಲ್ಲ. ಯಾರೋ ಕಪಾಳಕ್ಕೆ ಹೊಡೆದು ಎಬ್ಬಿಸಿದವನಂತೆ, ಕಣ್ಣು ಮಿಟುಕಿಸದೆ ಅವಳನ್ನೇ ನೋಡುತ್ತಿದ್ದ.

ಏಳನೇ ಸಾಕ್ಷಿಗೆ ಹೇಳುವುದೇನಾದರೂ ಇದೆಯೇ ಎಂದು ಜಡ್ಜು ಕೇಳಿದರು. ಸಂಘದ ವಕೀಲರು ಅವನ ತೋಳು ಹಿಡಿದು, ಏನೂ ಇಲ್ಲ ಅನ್ನಿ, ನಿಮ್ಮ ಮೇಲೆ ಈಗ ಸಾಕ್ಷಿಯೇ ಇಲ್ಲ ಎಂದು ಪಿಸುಗುಟ್ಟಿದರು. ಅವನು ಆ ಕೈ ಬಿಡಿಸಿಕೊಂಡು ಎದ್ದ.

“ಸಾಫ್ಟ್‌ವೇರ್ ಆಫ್ ಮಾಡಿದ್ದು ನಾನು. ಗುಮಾಸ್ತರಿಗೆ ಏನೇನೂ ಗೊತ್ತಿಲ್ಲ. ಬರ್ಕೊಳ್ಳಿ.”

ಅವಳು ಮಾನ ಅಡವಿಟ್ಟು ಉಳಿಸಿದ ಮನುಷ್ಯ ಅರೆನಿಮಿಷದಲ್ಲಿ ತಾನೇ ಹೋಗಿ ಬಾವಿಗೆ ಹಾರಿದ್ದ. ಅವನು ಮಾತ್ರ ನಿಧಾನವಾಗಿ, ಹುಡುಗಿಯ ಹೆಸರೆತ್ತದೆ, ಹತ್ತು ಪರದೆಯ ಕಥೆಯನ್ನೂ ತಾನು ಮಾಡಿದ ತಪ್ಪನ್ನೂ ಹೇಳಿದ. ಗುಮಾಸ್ತರು ಮುಖ ಮುಚ್ಚಿಕೊಂಡು ಅತ್ತರು. ಒಂದು ಮಗುವಿನ ಕಾಗದವನ್ನು ಹತ್ತು ಜನ ಓದುವ ವ್ಯವಸ್ಥೆ ಮಾಡಿದವರು ಯಾರು ಎಂದು ಜಡ್ಜು ಕೇಳಿದಾಗ ಮಂಡಳಿಯವರು ತಮ್ಮ ತಮ್ಮ ಫೈಲು ತಿರುವತೊಡಗಿದರು.

ಆದೇಶ ಮಧ್ಯಾಹ್ನವೇ ಬಂತು. ಮಕ್ಕಳ ಸಂದೇಶ ಇನ್ನು ಮುಂದೆ ಒಬ್ಬ ಆಪ್ತಸಮಾಲೋಚಕಿಗೆ ಮಾತ್ರ. ಅವನು ತಾನಾಗಿ ಒಪ್ಪಿಕೊಂಡದ್ದಕ್ಕೆ ವಜಾ ಇಲ್ಲ. ಆದರೆ ಪರರ ಪಾಸ್‌ವರ್ಡ್ ಬಳಸಿ ಮಕ್ಕಳ ಕಾವಲು ತೆಗೆದದ್ದಕ್ಕೆ ನಾಲ್ಕು ವರ್ಷ ಬಡ್ತಿಯಿಲ್ಲ, ಬರುವ ಟರ್ಮಿನಿಂದ ಊರಿನ ಇನ್ನೊಂದು ತುದಿಯ ಶಾಲೆ. ಆ ಮೂವತ್ತೆಂಟು ಮಕ್ಕಳನ್ನು ಬಿಡಬೇಕು. ಅವಳಿಗೆ ಲಿಖಿತ ಛೀಮಾರಿ. ಮಂಡಳಿಯ ಫೈಲುಗಳನ್ನು ಒಂದು ವರ್ಷ ಮುಟ್ಟಕೂಡದೆಂದು ದೊಡ್ಡಮ್ಮನದೂ ಒಂದು ಆದೇಶ, ಬಾಯಿಮಾತಿನದು.

ಕಾರಿಡಾರಿನಲ್ಲಿ ಅವನು ಕಾದಿದ್ದ. ಅವಳು ಎದುರಿಗೆ ಹೋಗಿ ನಿಂತು, ಹೊಟ್ಟೆಯಲ್ಲಿದ್ದ ಸಿಟ್ಟನ್ನೆಲ್ಲ ಹೊರಗೆ ಹಾಕಿದಳು.

“ನಿಮಗೆ ತಲೆ ನೆಟ್ಟಗಿದೆಯಾ? ಬಚಾವಾಗಿದ್ರಿ. ಸುಮ್ಮನೆ ಕೂತಿದ್ರೆ ಆಗ್ತಿತ್ತು.”

“ಆಗ್ತಿತ್ತು. ಗುಮಾಸ್ತರ ವಿಷಯ ಹೇಗಿದ್ರೂ ಹೇಳೋನೇ ಇದ್ದೆ, ಆದ್ರೆ ಇವತ್ತು ಧೈರ್ಯ ಬರ್ತಿತ್ತೋ ಇಲ್ವೋ ಗೊತ್ತಿಲ್ಲ.” ಅವನು ತನ್ನ ಚಪ್ಪಲಿ ನೋಡಿಕೊಂಡ. “ಅಷ್ಟು ಜನರ ಮುಂದೆ ನೀವು ನಿಜ ಹೇಳಿದ್ರಿ. ಆಮೇಲೂ ನಾನು ಬಾಯಿ ಮುಚ್ಕೊಂಡು ಕೂತಿದ್ರೆ ನಾಳೆ ನಿಮ್ಮ ಮುಖ ಹೇಗೆ ನೋಡ್ಲಿ?”

“ನಾಳೆ ಯಾಕೆ ನೋಡ್ಬೇಕು? ಕೇಸು ಮುಗೀತಲ್ಲ.”

“ನಾಳೆ ನೋಡ್ಬೇಕು. ನಾಳಿದ್ದೂ ನೋಡ್ಬೇಕು. ನೀವು ಬೇಡ ಅನ್ನೋವರೆಗೂ ದಿನಾ ನೋಡ್ಬೇಕು ಅಂತಿದ್ದೀನಿ.”

ಅವಳು ಅವನ ಕಡೆ ಕಣ್ಣು ಕಣ್ಣು ಬಿಟ್ಟು ನೋಡಿದಳು. ಅವನು ಕಾದ, ಅವಸರ ಮಾಡಲಿಲ್ಲ.

“ಊಟ ಆಯ್ತಾ ನಿಮ್ದು?” ಎಂದಳು ಕೊನೆಗೆ.

“ಇಲ್ಲ. ಮೂರು ದಿನದಿಂದ ಸರಿಯಾಗಿಲ್ಲ.”

“ನಂದೂ ಇಲ್ಲ,” ಎಂದಳು. ಮಂಡಳಿಯವರು, ಹೆಡ್‌ಮಿಸ್ಟ್ರೆಸ್ಸು, ಬಾಗಿಲಲ್ಲಿ ನಿಂತ ದೊಡ್ಡಮ್ಮ, ಎಲ್ಲರೂ ನೋಡುತ್ತಿದ್ದಂತೆಯೇ ಅವನ ಕೈ ಹಿಡಿದುಕೊಂಡು ಮೆಟ್ಟಿಲಿಳಿದಳು.